ಕಡುಬಿನ ನಂಬರು

ಇವತ್ತು ಬೆಳಿಗ್ಗೆ ದೆಹಲಿಯ ಪೀತಮ್‌ಪುರದಲ್ಲಿ ಮೆಟ್ರೋ ಹತ್ತಿದೆ. ಪಕ್ಕದ ಆಂಟಿ ಹಣೆಗೆ ನೋವಿನ ಮುಲಾಮು ಹಚ್ಚಿಕೊಂಡರು. ಸುತ್ತಲಿನವರೆಲ್ಲ ಮೂಗು ಮುಚ್ಚಿಕೊಂಡರೆ ನಾನು ಇನ್ನಷ್ಟು ಹತ್ತಿರ ಸರಿದೆ. ಆಂಟಿ ಗುಮಾನಿಯಿಂದ ನೋಡಿದರು. ಅದು ನಮ್ಮ ಸಾಹೇಬರ ವಾಸನೆ ಎಂದು ಅವರಿಗೆ ಹೇಗೆ ಹೇಳಲಿ...

ಮಾನೇಸರ್‌ನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ನೆಟ್‌ವರ್ಕ್ ವಿಭಾಗ ಸೇರಿದಾಗ ಅವರೇ ಮುಖ್ಯಸ್ಥರು. ಉಡುಪಿ ಕಡೆಯವರು. ಸರ್ವರ್ ಕೋಣೆಯ ಏಸಿಗೆ ಹೆದರಿ ಮೇ ತಿಂಗಳಲ್ಲೂ ಮಂಕಿ ಟೋಪಿ, ಹಣೆ ತುಂಬ ಮುಲಾಮು, ಮಾತೆಲ್ಲ ಮೂಗಿನಿಂದ. ಯಂತ್ರಗಳಿಗೆ ಊರಿನ ತಿಂಡಿಗಳ ಹೆಸರಿಟ್ಟಿದ್ದರು. ಹರ್ಯಾಣದ ಸಹೋದ್ಯೋಗಿಗಳು "ಸರ್‌ಜೀ, ಪತ್ರೊಡೆ ಡೌನ್ ಹೈ" ಎನ್ನುವುದನ್ನು ಕೇಳಲೆಂದೇ ಇಟ್ಟದ್ದೆಂದು ನನ್ನ ಅನುಮಾನ. ಅವರ ಸ್ವಂತ ಕಂಪ್ಯೂಟರಿನ ಹೆಸರು ಕಡುಬು, ಸಾಹೇಬರ ಆಕಾರಕ್ಕೂ ಹೊಂದುತ್ತಿತ್ತು. ಅದಕ್ಕೆ ನಾನು ನಕ್ಕಾಗ, ಕಡ್ಡಿಯಂಥ ನನ್ನ ಮೈ ನೋಡಿ ನನ್ನ ಕಂಪ್ಯೂಟರಿಗೆ ಒತ್ತುಶಾವಿಗೆ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು.

ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ನಂಬರಿರುತ್ತದೆ; ಯಾವ ಹೆಸರಿಗೆ ಯಾವ ನಂಬರು ಎಂಬ ಪಟ್ಟಿಯನ್ನು ತಿದ್ದುವ ಕೆಲಸ ನನಗೆ ಬಂತು. ಆ ವಾರವನ್ನು ನಾನು ಕ್ಯಾಂಟೀನಿನಲ್ಲಿ ಟೋಪಿ ಹಾಕಿಕೊಂಡು ಸಾಹೇಬರ ಅನುಕರಣೆ ಮಾಡುವುದರಲ್ಲಿ ಕಳೆದೆ. ಚಪ್ಪಾಳೆಯೇನೋ ಚೆನ್ನಾಗಿಯೇ ಬಿತ್ತು, ಪಟ್ಟಿ ಮಾತ್ರ ಹಾಗೇ ಉಳಿಯಿತು.

ಒಂದು ದಿನ ಪೇಂಟ್ ವಿಭಾಗದ ಸಂಪರ್ಕ ಕಡಿಯಿತು. ದಾರಿ ಎಲ್ಲಿ ನಿಂತಿದೆ ಎಂದು ತೋರಿಸುವ ಕಮಾಂಡ್ ಓಡಿಸಿದೆ. ಕೊನೆಗೆ ಬಂದ ಹೆಸರು ನೀರ್‌ದೋಸೆ. ಅದೇ ಕೆಟ್ಟಿದೆ ಎಂದುಕೊಂಡು ಓಡಿಹೋಗಿ, ನೀರ್‌ದೋಸೆ ಎಂಬ ಚೀಟಿಯಿದ್ದ ಡಬ್ಬಿಯ ವಯರು ಕಿತ್ತೆ. ಅಲ್ಲಿಯವರೆಗೆ ಚೆನ್ನಾಗಿದ್ದ ಅಸೆಂಬ್ಲಿ ಲೈನೂ ನಿಂತುಹೋಯಿತು.

ಸಾಹೇಬರು ಬಂದು ಅದೇ ಕಮಾಂಡಿನ ಬಾಲಕ್ಕೆ ಒಂದು 'ಎನ್' ಸೇರಿಸಿದರು. ಹೆಸರುಗಳೆಲ್ಲ ಮಾಯವಾಗಿ ಬರೀ ನಂಬರುಗಳು ಸರಸರನೆ ಇಳಿದವು.

"ಹೆಸರು ನಮ್ಮ ಪಟ್ಟಿ ನೋಡಿ ಹೇಳುವುದು ಮಾರಾಯ. ಈ ನಂಬರು ಹೋದ ತಿಂಗಳೇ ಪತ್ರೊಡೆಗೆ ಹೋಗಿದೆ. ಪಾಪದ ದೋಸೆಯನ್ನು ಯಾಕೆ ಕೊಂದದ್ದು ನೀನು?"

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ನಿಂತು, ಯಾರು ಮಾಡಿದ್ದೆಂದು ಕೇಳಿದರು: "ಕಿಸ್ನೆ ಕಿಯಾ ಯೆ?" ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಿತ್ತ ವಯರನ್ನು ಬೆನ್ನ ಹಿಂದೆ ಮರೆಮಾಡಿದೆ. ಸಾಹೇಬರು ಟೋಪಿ ತೆಗೆದು, "ಲಿಸ್ಟ್ ಮೇರಿ ಹೈ ಸರ್, ಗಲ್ತೀ ಭೀ ಮೇರಿ," ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು.

ಮ್ಯಾನೇಜರ್ ಹೋದ ಮೇಲೆ ನನ್ನ ಕಡೆ ತಿರುಗಿದರು. "ನನ್ನ ಸ್ವರ ತೆಗೆಯುತ್ತೀಯಂತಲ್ಲ? ಅದೇ ಸ್ವರದಲ್ಲಿ ಪಟ್ಟಿ ಓದು. ನಾನು ಡಬ್ಬಿ ನೋಡುತ್ತೇನೆ."

ಮಧ್ಯಾಹ್ನವಿಡೀ ಗೋಳಿಬಜೆಯಿಂದ ಹಿಡಿದು ಎಲ್ಲವನ್ನೂ ಮೂಗಿನಲ್ಲೇ ಓದಿದೆ. ಯಂತ್ರಗಳ ಸಂದಿಯಿಂದ ಆಗಾಗ ತಿದ್ದುಪಡಿ ಬರುತ್ತಿತ್ತು: "ಮೂಗು ಸಾಲದು ಮಾರಾಯ."

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಪಟ್ಟಿ ಈಗ ನನ್ನದು. ಅವರ ಕಂಪ್ಯೂಟರಿನ ನಂಬರನ್ನು ಯಾವುದೋ ಪ್ರಿಂಟರಿಗೆ ಕೊಟ್ಟು ತಿಂಗಳುಗಳಾದರೂ ಕಮಾಂಡ್ ಓಡಿಸಿದರೆ ಅಲ್ಲಿ ಕಡುಬು ಎಂದೇ ಬರುತ್ತಿತ್ತು. ಅದೊಂದು ಸಾಲನ್ನು ನಾನು ಮುಟ್ಟಿರಲಿಲ್ಲ...

ಇವತ್ತು ಆಫೀಸಿಗೆ ಬಂದವನೇ ಅದನ್ನು ಅಳಿಸಿದೆ. ಇಲ್ಲದಿದ್ದರೆ ನಾಳೆ ನನ್ನಂಥವನೇ ಇನ್ನೊಬ್ಬ ಯಾವುದೋ ವಯರು ಕೀಳುತ್ತಾನೆ. ಅಳಿಸುವ ಮೊದಲು ಆ ಸಾಲನ್ನು ಒಮ್ಮೆ ಅವರ ಸ್ವರದಲ್ಲಿ ಜೋರಾಗಿ ಓದಿದೆ. ಮೂಗು ಸಾಕಾಯಿತೋ ಇಲ್ಲವೋ, ಹೇಳುವವರಿರಲಿಲ್ಲ.