ಮುಂದಿನ ಸ್ಟೇಜಿನವರೆಗೆ ನಡಿಗೆ

ನಮ್ಮೂರು ಸಿದ್ದಾಪುರ ರಸ್ತೆಯ ಮೇಲಿದೆ. ಬಸ್ಸು ಮನೆ ಬಾಗಿಲಲ್ಲೇ ನಿಲ್ಲುತ್ತದೆ ಎಂದು ನೆಂಟರೆಲ್ಲ ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಆ ನಿಲ್ದಾಣದಲ್ಲಿ ಒಂದು ಐಬಿದೆ. ಶಿರಸಿ ಕಡೆಗೆ ಹೋಗುವವರಿಗೆ ಟಿಕೆಟ್ ದರ ಸ್ಟೇಜಿನ ಲೆಕ್ಕದಲ್ಲಿ ಏರುತ್ತದೆ, ನಾವಿರುವುದು ಸ್ಟೇಜಿನ ಗಡಿಯಿಂದ ಸ್ವಲ್ಪ ಆಚೆ. ಇಪ್ಪತ್ತೈದು ನಿಮಿಷ ನಡೆದು, ಹೊಸ ಸ್ಟೇಜು ಶುರುವಾಗುವ ಮುಂದಿನ ನಿಲ್ದಾಣದಲ್ಲಿ ಹತ್ತಿದರೆ ತಲೆಗೆ ಐದು ರೂಪಾಯಿ ಉಳಿಯುತ್ತದೆ. ಇದನ್ನು ಕಂಡುಹಿಡಿದವನು ನಾನೇ. ನನ್ನನ್ನು ಜಿಪುಣ ಎನ್ನುವವರಿದ್ದಾರೆ, ಅನ್ನಲಿ. ಹನಿ ಹನಿ ಕೂಡಿದರೆ ಹಳ್ಳ ಎಂದ ಹಿರಿಯರನ್ನು ಯಾರೂ ಜಿಪುಣರು ಎಂದದ್ದು ನಾನು ಕೇಳಿಲ್ಲ.

ನಾನು ಶಿರಸಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮೊಳೆ, ಪೈಪು, ಪೇಂಟು, ಎಲ್ಲದರ ಕೌಂಟರೂ ನನ್ನದೇ. ನನ್ನ ಹೆಂಡತಿ ಎರಡು ಬೀದಿ ಆಚೆ ಒಂದು ಟೇಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಸಂಜೆ ಅವಳು ಬೇಗ ಬರುತ್ತಾಳೆ, ನನಗೆ ಅಂಗಡಿ ಬಾಗಿಲು ಹಾಕುವ ತನಕ ಬಿಡುಗಡೆಯಿಲ್ಲ. ಹಾಗಾಗಿ ಜೊತೆಯಾಗಿ ಹೋಗುವುದು ಬೆಳಿಗ್ಗೆ ಮಾತ್ರ. ಹತ್ತು ಹನ್ನೊಂದು ವರ್ಷ ನಾವಿಬ್ಬರೂ ಹಾಗೆ ನಡೆದೆವು, ಬುತ್ತಿಚೀಲ ಹಿಡಿದುಕೊಂಡು, ರಸ್ತೆಯ ಬಲಬದಿಯಲ್ಲಿ.

ನಮ್ಮ ಮನೆಯಲ್ಲಿ ಎಂಟು ಜನ. ಅಪ್ಪ, ಅಮ್ಮ, ತಮ್ಮನ ಸಂಸಾರ, ನಮ್ಮದು. ಒಳ್ಳೆಯವರೇ ಎಲ್ಲ, ಆದರೆ ಆ ಮನೆಯಲ್ಲಿ ಗಂಡ ಹೆಂಡತಿ ಎರಡು ಮಾತಾಡಿದರೆ ಮೂರನೆಯ ಮಾತು ಬೇರೆ ಯಾರದ್ದಾದರೂ ಆಗಿರುತ್ತದೆ. ನಮ್ಮ ಸಂಸಾರದ ಮಾತೆಲ್ಲ ನಡೆದದ್ದು ಡಾಂಬರಿನ ಮೇಲೆ. ಮಗಳನ್ನು ಕಾಮರ್ಸಿಗೆ ಸೇರಿಸುವುದು ಎಂದು ತೀರ್ಮಾನವಾದದ್ದು ಅಲ್ಲಿ. ತಮ್ಮ ಬೇರೆ ಒಲೆ ಹೂಡುತ್ತೇನೆ ಎಂದಾಗ ಏನು ಹೇಳಬೇಕು ಎಂದು ಅವಳು ನನಗೆ ಕಲಿಸಿಕೊಟ್ಟದ್ದೂ ಅಲ್ಲಿಯೇ. ಜಗಳವೂ ಅಲ್ಲೇ. ಅದಕ್ಕೊಂದು ಕಟ್ಟಳೆ ಇತ್ತು. ಸ್ಟೇಜಿಗೆ ಸ್ವಲ್ಪ ಮೊದಲು ಒಂದು ಮೋರಿಯಿದೆ, ಅಲ್ಲಿಗೆ ಬಂದ ಕೂಡಲೇ ಬಾಯಿ ಮುಚ್ಚಬೇಕು. ಮೋರಿ ದಾಟಿದರೆ ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುತ್ತೇವಲ್ಲ. ಎಷ್ಟೋ ಸಲ ಅವಳು ಮೋರಿ ಹತ್ತಿರ ಬಂದಂತೆ ಬೇಗ ಬೇಗ ಮಾತಾಡಿ ಕೊನೆಯ ಮಾತು ತನ್ನದೇ ಮಾಡಿಕೊಂಡು, ಆಮೇಲೆ ಸೆರಗು ಸರಿಮಾಡಿಕೊಂಡು ಸ್ಟೇಜಿನವರನ್ನು ನೋಡಿ ನಗುತ್ತಿದ್ದಳು. ನಾನು ಉತ್ತರವನ್ನು ಬುತ್ತಿಯ ಜೊತೆ ಹೊತ್ತುಕೊಂಡು ಶಿರಸಿಗೆ ಹೋಗುತ್ತಿದ್ದೆ.

ಒಮ್ಮೆ ದಾರಿಯಲ್ಲೇ ಅವಳ ಚಪ್ಪಲಿಯ ಬಾರು ಕಿತ್ತುಹೋಯಿತು. ಹೊಸ ಚಪ್ಪಲಿಯ ಬೆಲೆ ಅವಳ ಬಾಯಲ್ಲಿ ಕೇಳಿ ನನ್ನ ಮುಖ ಸಣ್ಣದಾಯಿತು.

"ನೋಡಿ ಮಾರಾಯ್ರೆ, ನೀವು ಬಸ್ಸಿನವ್ರಿಗೆ ಕೊಡದಿದ್ದ ದುಡ್ಡನ್ನ ಚಪ್ಪಲಿ ಅಂಗಡಿಯವ್ರಿಗೆ ಕೊಡ್ತಿದ್ದೀರಿ" ಎಂದು ಹೇಳಿ ಮೈಲುಗಲ್ಲಿನ ಮೇಲೆ ಕೂತು ನಕ್ಕಳು. ಆಗಲೇ ಬಸ್ಸೊಂದು ನಮ್ಮನ್ನು ಹಾದುಹೋಯಿತು. ಅದರ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೂ ನಕ್ಕ. ನಮ್ಮ ಗುಟ್ಟು ಅವನಿಗೆ ಗೊತ್ತಿತ್ತು. ಆ ನಗು ನೆನಪಾದರೆ ಈಗಲೂ ನನಗೆ ಆ ರಸ್ತೆಯ ಬೆಳಗು ಬೇಕು ಅನ್ನಿಸುತ್ತದೆ.

ಆಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಮೊದಲ ದಿನ ಬೆಳಿಗ್ಗೆ ಅವಳು ರೂಢಿಯಂತೆ ಬುತ್ತಿಚೀಲ ಹಿಡಿದು ರಸ್ತೆಗೆ ಇಳಿದಳು. ನಾನು ತಡೆದೆ.

"ನಿಂಗೆ ಪುಕ್ಕಟೆ ಅಲ್ಲನ ಮಾರಾಯ್ತಿ, ಸುಮ್ನೆ ಎಂತಕೆ ನಡೀತಿ? ಆಧಾರ್ ಕಾರ್ಡ್ ಹಿಡ್ಕಂಡು ಇಲ್ಲೇ ಹತ್ಕ."

"ನೀವು?"

"ನಾನು ಮುಂದೆ ಹತ್ಕತೀನಿ. ನನ್ನ ಐದು ರೂಪಾಯಿ ಎಂತಕೆ ಬಿಡದು?"

ಅವಳು ಚೀಲದಿಂದ ನನ್ನ ಬುತ್ತಿ ತೆಗೆದು ನನ್ನ ಕೈಗಿಟ್ಟಳು. ನಾನು ಅವಳಿಗೆ ಉಪಕಾರ ಮಾಡಿದೆ ಎಂದುಕೊಂಡು ಗತ್ತಿನಿಂದ ನಡೆದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಆಗ ತಿಳಿಯಲಿಲ್ಲ. ಬಸ್ಸು ಸ್ಟೇಜಿಗೆ ಬರುವಷ್ಟರಲ್ಲಿ ಅವಳು ಮುಂದೆ ಹೆಂಗಸರ ಮಧ್ಯೆ ಕೂತಿರುತ್ತಿದ್ದಳು, ನಾನು ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಕಳೆದ ವರ್ಷ ಒಂದು ದಿನ, ಅದೇ ಬಸ್ಸಿಗೆ ಬರುವ ಒಬ್ಬ ಹೆಂಗಸು ನನ್ನ ಕೌಂಟರಿಗೆ ಬಾಗಿಲಿನ ಚಿಲಕ ಕೇಳಿಕೊಂಡು ಬಂದರು. ಚಿಲ್ಲರೆ ಎಣಿಸಿಕೊಳ್ಳುತ್ತ, "ನಿಮ್ಮ ಅತ್ತೆ ಕೈ ಈಗ ಹ್ಯಾಂಗಿದೆ? ಪ್ಲಾಸ್ಟರ್ ತೆಗೆದ್ರಾ?" ಎಂದರು.

ನನ್ನ ಅತ್ತೆ ಇರುವುದು ಯಲ್ಲಾಪುರದ ಕಡೆ. ಅವರು ಬಿದ್ದದ್ದೇ ನನಗೆ ಗೊತ್ತಿಲ್ಲ. ಗೊತ್ತಿದ್ದವನಂತೆ "ಹ್ಞಾಂ, ಅಡ್ಡಿಲ್ಲ" ಎಂದೆ. ಉಳಿದದ್ದೂ ಅವರ ಮಾತಿನಿಂದಲೇ ತಿಳಿಯಿತು. ಅದಾಗಲೇ ನನ್ನ ಹೆಂಡತಿ ಎರಡು ಸಲ ಅರ್ಧ ದಿನ ರಜೆ ಹಾಕಿ, ಯಲ್ಲಾಪುರಕ್ಕೆ ಹೋಗಿ ತಾಯಿಗೆ ಸ್ನಾನ ಮಾಡಿಸಿ, ಸಂಜೆ ಮನೆಗೆ ಬಂದು ನಮಗೆಲ್ಲ ಬಡಿಸಿದ್ದಳಂತೆ. ಬಸ್ಸಿನಲ್ಲಿ ಕಣ್ಣೀರೂ ಹಾಕಿದ್ದಳಂತೆ. ಊರಿಗೆಲ್ಲ ಗೊತ್ತು, ಗಂಡನಿಗೆ ಗೊತ್ತಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ನಾಚಿಕೆ.

ಮರುದಿನ ಬೆಳಿಗ್ಗೆ ಮನೆಯೆದುರಿನ ನಿಲ್ದಾಣದಲ್ಲೇ ಅವಳ ಪಕ್ಕ ನಿಂತು ಕೇಳಿದೆ. "ನಂಗೆ ಎಂತಕೆ ಹೇಳ್ಲಿಲ್ಲ?"

"ಎಲ್ಲಿ ಹೇಳದು? ಒಳಗೆ ಎಂಟು ಜನ. ನನ್ನ ಅಮ್ಮನ ಸುದ್ದಿ ಅಲ್ಲಿ ತೆಗೆದ್ರೆ ನಿಮ್ಮಮ್ಮ ಒಂದು ಅಂತಾರೆ, ಓರಗಿತ್ತಿ ಒಂದು ಅಂತಾಳೆ. ದಾರಿ ಮೇಲೆ ಹೇಳನ ಅಂದ್ರೆ ನೀವು ಬ್ಯಾರೆ, ನಾನು ಬ್ಯಾರೆ."

ಅಂದು ನಾನು ಪೂರಾ ಟಿಕೆಟ್ ಕೊಟ್ಟು ಅವಳ ಜೊತೆಗೇ ಹತ್ತಿದೆ. ಏನು ಪ್ರಯೋಜನ? ಬಸ್ಸಿನ ತುಂಬ ಹೆಂಗಸರು. ಅವಳಿಗೆ ಯಾರೋ ಕರೆದು ಸೀಟು ಕೊಟ್ಟರು. ನಾನು ಹಿಂದೆ ಕಂಬಿ ಹಿಡಿದು ಅವಳ ಜಡೆ ನೋಡುತ್ತ ಶಿರಸಿ ಮುಟ್ಟಿದೆ. ಹೆಚ್ಚಿಗೆ ಕೊಟ್ಟ ಐದು ರೂಪಾಯಿಗೆ ಒಂದು ಮಾತೂ ಬರಲಿಲ್ಲ. ಆ ಮಧ್ಯಾಹ್ನವೇ ನಾನೂ ಅರ್ಧ ದಿನ ರಜೆ ಹಾಕಿ ಹೋಗಿ ಅತ್ತೆಯನ್ನು ನೋಡಿಕೊಂಡು ಬಂದೆ, ಒಬ್ಬನೇ.

ಅದರ ಮರುದಿನ ಬೆಳಿಗ್ಗೆ ಬೇಗ ಎದ್ದು, ಅವಳ ಬುತ್ತಿಯನ್ನೂ ನಾನೇ ಚೀಲಕ್ಕೆ ಹಾಕಿ, ರಸ್ತೆಗೆ ಬಂದು ಹೇಳಿದೆ. "ನಡಿ, ಇವತ್ತಿಂದ ಮೊದಲಿನ ಹಾಂಗೇ ನಡ್ಕಂಡು ಹೋಗನ."

"ಈಗ ಆಗದಿಲ್ಲ" ಎಂದಳು. "ಮೊಣಕಾಲು ನೋವು."

"ಯಾವಾಗಿಂದ?"

"ಬಸ್ಸು ಪುಕ್ಕಟೆ ಆಗಕ್ಕೂ ಎರಡು ವರ್ಷ ಮೊದಲಿಂದ."

ನಾನು ಮನಸ್ಸಿನಲ್ಲೇ ವರ್ಷ ಹಿಂದೆ ಮುಂದೆ ಮಾಡಿದೆ. "ಮತ್ತೆ ಆ ಎರಡು ವರ್ಷ ದಿನಾ ನಡೆದ್ಯಲ್ಲ?"

"ಐದು ರೂಪಾಯಿಗೆ ನಡೆದೆ ಅಂದ್ಕಂಡಿದ್ರಾ?"

ಅಷ್ಟರಲ್ಲಿ ಬಸ್ಸು ಬಂತು. ಜೊತೆಯಾಗಿ ಹತ್ತುವಾಗಲೆಲ್ಲ ನಾನೇ ಮೊದಲು ಹತ್ತಿ ಸೀಟು ಹುಡುಕುವವನು. ಅಂದು ಹಿಂದೆ ನಿಂತೆ. ಅವಳು ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಲಗಾಲನ್ನು ಮೆಟ್ಟಿಲ ಮೇಲಿಟ್ಟಳು. ಎಡಗಾಲನ್ನು ಮೆಲ್ಲಗೆ ಅದರ ಪಕ್ಕಕ್ಕೆ ಎಳೆದುಕೊಂಡು ನಿಂತಳು. ಆಮೇಲೆ ಇನ್ನೊಂದು ಮೆಟ್ಟಿಲು. ಕಂಡಕ್ಟರ್ ಅವಸರ ಮಾಡಲಿಲ್ಲ, ಅವನು ಇದನ್ನು ದಿನಾ ನೋಡುತ್ತಿದ್ದವನು.