ಜಗದಾಂಬಮ್ಮನ ಈರುಳ್ಳಿ ಮೊಗ್ಗು

ಜಗದಾಂಬಮ್ಮ ಮಧುಗಿರಿಯ ಖಾಸಗಿ ಕಾಲೇಜೊಂದರ ಸಸ್ಯಶಾಸ್ತ್ರ ಲ್ಯಾಬಿಗೆ ಅಟೆಂಡರ್ ಆಗಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಓದಿದ್ದು ಏಳನೇ ತರಗತಿ. ಆದರೆ ಈರುಳ್ಳಿ ಹೂವಿನ ಮೊಗ್ಗಿನೊಳಗೆ ವರ್ಣತಂತುಗಳು ಜೋಡಿ ಕಟ್ಟುವುದು ಯಾವಾಗ ಎಂಬುದನ್ನು ಅವರಷ್ಟು ಖಚಿತವಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ನಿವೃತ್ತರಾದ ಪರ್ವತಯ್ಯ ಮೇಷ್ಟ್ರು ಕಲಿಸಿದ್ದರು. ಪರಾಗವಾಗುವ ಮುನ್ನ ಜೀವಕೋಶದಲ್ಲಿ ತಂದೆಯ ಕಡೆಯ ತಂತು ತಾಯಿಯ ಕಡೆಯದಕ್ಕೆ ಅಂಟಿಕೊಂಡು, ಚೂರುಪಾರು ಬದಲಿಸಿಕೊಂಡು, ನಡುವೆ ಸಾಲಾಗಿ ನಿಂತು, ಆಮೇಲೆ ಅಗಲುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಕಿತ್ತ, ಜೋಳದ ಕಾಳಿಗಿಂತ ಸಣ್ಣ ಮೊಗ್ಗಿನಲ್ಲಿ ಅದು ಸಿಗುತ್ತದೆ. ಅದಕ್ಕೆಂದೇ ತೋವಿನಕೆರೆಯ ತಮ್ಮ ಮನೆ ಹಿತ್ತಲಲ್ಲಿ ಜಗದಾಂಬಮ್ಮ ಪ್ರತಿವರ್ಷ ಈರುಳ್ಳಿ ನೆಟ್ಟು ಹೂ ಬರಿಸುತ್ತಿದ್ದರು.

ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥ ಪ್ರಭುದೇವ್, ಮೊಗ್ಗು ಅರೆದು ಸ್ಲೈಡ್ ಮಾಡುವುದು ಬೇಡ, ಮಕ್ಕಳಿಗೆ ವಿಡಿಯೋ ಸಾಕು ಎಂದರು. ಅಟೆಂಡರ್‌ಗಳು ಮೈಕ್ರೋಸ್ಕೋಪ್ ಮುಟ್ಟಬಾರದೆಂದು ಗೋಡೆಗೆ ನೋಟೀಸನ್ನೂ ಅಂಟಿಸಿದರು.

"ನಮ್ಮಕ್ಕನ ಬ್ಯಾಚಿಗೆ ನೀವು ತೋರ್ಸಿದ್ರಂತೆ. ನಮ್ಗ್ಯಾಕಿಲ್ಲ?" ಎಂದು ಸ್ಪಂದನಾ ಎಂಬ ವಿದ್ಯಾರ್ಥಿನಿ ಕೇಳಿದಳು.

ಮಾರನೆಯ ಬೆಳಿಗ್ಗೆ ಜಗದಾಂಬಮ್ಮ ಮೊದಲ ಬಸ್ಸಿಗೇ ಮೊಗ್ಗು ತಂದು, ಬೀರು ತೆರೆದು ಮೈಕ್ರೋಸ್ಕೋಪ್ ಹೊರಗಿಟ್ಟರು. ಸ್ಪಂದನಾಳ ಬ್ಯಾಚಿನ ಮಕ್ಕಳು ಸುತ್ತ ನಿಂತರು. ಮೊದಲ ಸ್ಲೈಡ್ ಸಿದ್ಧವಾಗುವಷ್ಟರಲ್ಲಿ ಪ್ರಭುದೇವ್ ಬಂದರು.

"ರೀ, ನೋಟೀಸ್ ಓದಿಲ್ವಾ?"

"ಓದಿವ್ನಿ ಸಾ. ತೊಳೆಯಾಕೆ, ಒರೆಸಾಕೆ ನಾನು ಬೇಕು. ಮುಟ್ಟಾಕೆ ಬ್ಯಾಡ್ವಾ?"

ಪ್ರಭುದೇವ್ ಬಗ್ಗಿ ನೋಡಿ ನಕ್ಕರು. "ಇಲ್ಲಿ ಜೋಡಿನೂ ಇಲ್ಲ, ಸಾಲೂ ಇಲ್ಲ."

ಜಗದಾಂಬಮ್ಮ ತಾವೂ ನೋಡಿದರು. "ಈ ಮೊಗ್ಗು ಬಲ್ತೋಗೈತೆ. ಆಗ್ಲೇ ಪರಾಗ ಆಗ್ಬುಟ್ಟೈತೆ. ವಸಿ ತಡ್ಕಳಿ."

ಇನ್ನೂ ಸಣ್ಣ ಮೊಗ್ಗು ಬಿಡಿಸಿ, ಕೇಸರದ ತುದಿಯನ್ನು ಕೆಂಪು ಬಣ್ಣದ ಹನಿಯಲ್ಲಿ ಸೂಜಿಯಿಂದ ಅರೆದರು. ಗಾಜು ಮುಚ್ಚಿ, ದೀಪದ ಮೇಲೆ ತುಸು ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತಿದರು. ಸ್ಪಂದನಾ ಮೊದಲು ನೋಡಿದಳು.

"ಎಂಟು! ಎಂಟು ಜೋಡಿ, ಮಧ್ಯದಲ್ಲಿ ಸಾಲಾಗಿ ನಿಂತವೆ!"

ಇಪ್ಪತ್ತೆರಡು ಮಕ್ಕಳೂ ಸರದಿಯಲ್ಲಿ ನೋಡಿದರು. ಕೊನೆಗೆ ಪ್ರಭುದೇವ್ ನೋಡಿದರು, ಬಹಳ ಹೊತ್ತು. ಆಮೇಲೆ ಹೊರಟುಹೋದರು.

ಸಂಜೆ ಪ್ರಿನ್ಸಿಪಾಲರ ಮೆಮೊ ಬಂತು: ಮೂರು ದಿನದೊಳಗೆ ಕ್ಷಮಾಪಣೆ ಪತ್ರ ಕೊಡಬೇಕು.

"ಬರ್ಕೊಟ್ಬುಡಕ್ಕಾ, ಅವ್ರನ್ನ ಎದುರಾಕ್ಕೊಂಡು ಇಲ್ಲಿ ಹೆಂಗೆ ಇರ್ತೀಯ?" ಎಂದ ಜೊತೆಯ ಅಟೆಂಡರ್ ತಿಪ್ಪೇಶ್.

"ತಪ್ಪು ಮಾಡಿದ್ರೆ ಬರೀತಿದ್ದೆ ಕಣ್ಲಾ."

ಬಿಳಿ ಹಾಳೆ ತೆಗೆದುಕೊಂಡು ತಮ್ಮ ದಪ್ಪ ಅಕ್ಷರದಲ್ಲಿ ಬರೆದರು: 'ಮೊಗ್ಗು ತಂದದ್ದು ನಾನೇ. ಸ್ಲೈಡ್ ಮಾಡಿದ್ದು ನಾನೇ. ಕ್ಷಮೆ ಕೇಳುವುದಿಲ್ಲ. ಮಂಗಳವಾರ ಇನ್ನೊಂದು ಬ್ಯಾಚಿಗೂ ತೋರಿಸುತ್ತೇನೆ.' ಕೆಳಗೆ ಸಹಿ ಹಾಕಿ ಪ್ರಿನ್ಸಿಪಾಲರ ಮೇಜಿನ ಮೇಲೆ ತಾವೇ ಇಟ್ಟು ಬಂದರು.

ಉತ್ತರ ಬರಲಿಲ್ಲ. ಮೆಮೊವನ್ನು ಹಿಂದಕ್ಕೂ ಪಡೆಯಲಿಲ್ಲ. ಮಂಗಳವಾರ ಎಂಟೂವರೆಗೆ ಮಕ್ಕಳು ಬಂದಾಗ ಪ್ರಭುದೇವ್ ಆಗಲೇ ಹಿಂದಿನ ಬೆಂಚಿನಲ್ಲಿ, ಜಗದಾಂಬಮ್ಮ ತಂದಿದ್ದ ಮೊಗ್ಗು ಮುಂದಿಟ್ಟುಕೊಂಡು, ಸೂಜಿ ಹಿಡಿದು ಕೂತಿದ್ದರು. ಎರಡು ಸ್ಲೈಡ್ ಕೆಡಿಸಿಯಾಗಿತ್ತು.

"ಅಷ್ಟು ಒತ್ಬ್ಯಾಡಿ ಸಾ, ಜೋಡಿ ಚದುರೋಯ್ತವೆ" ಎಂದರು ಜಗದಾಂಬಮ್ಮ. ಅವರ ದನಿ ಒಂಚೂರೂ ಮೆತ್ತಗಾಗಿರಲಿಲ್ಲ.