ನಾಲ್ಕನೇ ಸೀಟು, ಉದ್ದ ವಿಳಾಸ

ಮೊನ್ನೆ ಸಂಜೆ ಬೇಲಾಪುರದಿಂದ ಮನೆಗೆ ಬರುವಾಗ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೂರು ಜನರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಕೂತಿದ್ದೆ. ನೀವೂ ಈ ಗಾಡಿಯವರಾದರೆ ಗೊತ್ತಲ್ಲ, ಅರ್ಧ ಮೈ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ. ನೆಟ್ ಯಾಕೆ ಸಿಗುತ್ತಿಲ್ಲವೆಂದು ಫೋನಿನ ಸೆಟ್ಟಿಂಗ್ಸ್ ಕೆದಕುವಾಗ ಅದರ ಇಂಟರ್ನೆಟ್ ವಿಳಾಸ ಕಂಡಿತು. ಅಂಕಿ, ಇಂಗ್ಲಿಷ್ ಅಕ್ಷರ, ನಡುನಡುವೆ ಮೇಲೊಂದು ಕೆಳಗೊಂದು ಚುಕ್ಕಿ, ರೈಲಿನಷ್ಟು ಉದ್ದ. ಶಾರದಕ್ಕ ನೆನಪಾದರು.

ನಮ್ಮ ಆಫೀಸಿನ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದವರು ಶಾರದಕ್ಕ. ಊರು ಉಡುಪಿ ಕಡೆ, ಮನೆ ಡೊಂಬಿವಲಿ. ಮೈಸೂರಿನಿಂದ ಬಂದ ಹೊಸದರಲ್ಲಿ ಗಾಡಿಯ ಬಾಗಿಲ ಬಳಿ ಬೆಪ್ಪಾಗಿ ನಿಂತಿದ್ದ ನನ್ನನ್ನು, "ಯಾರೂ ಕರೆದು ಸೀಟು ಕೊಡುವುದಿಲ್ಲ ಮಾರಾಯ್ತಿ, ಥೋಡಾ ಸರ್ಕೋ, ಸ್ವಲ್ಪ ಸರೀರಿ ಅನ್ಬೇಕು" ಎಂದು ಎಳೆದು ಕೂರಿಸಿದ್ದರು. ಲೆಕ್ಕ ವಿಭಾಗದ ನನಗೆ ಇಂಟರ್ನೆಟ್ಟಿನ ಪಾಠವೂ ಅಲ್ಲೇ ಆಯಿತು. ಮೊದಲು ವಿಳಾಸ ಹಂಚಿದವರು ಇಷ್ಟೊಂದು ಯಂತ್ರಗಳು ಬರುತ್ತವೆಂದು ಎಣಿಸಿರಲಿಲ್ಲವಂತೆ. ಸಾಲದೆಂದು ಗೊತ್ತಾದಾಗ ಉದ್ದನೆಯ ಹೊಸ ವಿಳಾಸ ಕಟ್ಟಿದರು. ಅಷ್ಟರಲ್ಲಿ ಒಂದೇ ಹಳೇ ವಿಳಾಸದ ಹಿಂದೆ ಇಡೀ ಆಫೀಸನ್ನು ಕೂರಿಸುವ ಉಪಾಯವೂ ಸಿಕ್ಕಿತು.

"ಇದೇ ನಾಲ್ಕನೇ ಸೀಟು ನೋಡು. ಎಲ್ಲರೂ ಸರಿದು ಕೂತರು. ಹೊಸ ಗಾಡಿ ಯಾರಿಗೂ ಬೇಡ" ಎನ್ನುವರು.

ಶಾರದಕ್ಕನಿಗೆ ಬೇಕಿತ್ತು. ನಿವೃತ್ತಿಗೆ ಮೊದಲು ಆಫೀಸಿಗೆಲ್ಲ ಹೊಸ ವಿಳಾಸ ಕೊಡಬೇಕೆಂಬುದೊಂದೇ ಆಸೆ. "ಥಾಣೆಯ ಘೋಡಬಂದರ್ ರಸ್ತೆಯ ಒಂದೊಂದು ಬಲ್ಬಿಗೂ ಸ್ವಂತ ವಿಳಾಸ ಕೊಟ್ಟರೂ ಮುಗಿಯುವುದಿಲ್ಲ, ಗೊತ್ತುಂಟಾ?" ಎನ್ನುವರು. ಆಗೆಲ್ಲ ಗಾಡಿ ಐರೋಲಿ ದಾಟುವ ಹೊತ್ತಿಗೆ ದೂರದ ಕಟ್ಟಡಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಅರೆನಿದ್ದೆಯಲ್ಲಿ ನನಗೆ ಒಂದೊಂದೂ ತನ್ನ ಹೆಸರು ಹೇಳಿದಂತೆ ಕೇಳುತ್ತಿತ್ತು. ಆಫೀಸಿನ ಸಾಹೇಬರಿಗೆ ಮಾತ್ರ ಏನೂ ಕೇಳಲಿಲ್ಲ. "ಚಲ್ ರಹಾ ಹೈ ನಾ? ಚಲ್ನೇ ದೋ" ಎಂದರು ಪ್ರತಿ ಸಲ, ಹೇಗೋ ನಡೆಯುತ್ತಿದೆಯಲ್ಲ, ನಡೆಯಲಿ ಎಂಬಂತೆ. ಶಾರದಕ್ಕ ಹಾಗೆಯೇ ನಿವೃತ್ತರಾದರು.

ಈಗ ಮೊಬೈಲ್ ಕಂಪನಿಯವರು ಆ ಉದ್ದ ವಿಳಾಸವನ್ನೇ ಸದ್ದಿಲ್ಲದೆ ನನ್ನ ಕೈಗೆ ಕೊಟ್ಟಿದ್ದರು! ಕೂಡಲೇ ಫೋನ್ ಮಾಡಿದೆ. "ಶಾರದಕ್ಕ, ನಿಮ್ಮ ಉದ್ದ ವಿಳಾಸ ಬಂದುಬಿಟ್ಟಿದೆ!"

ಅವರು ನಕ್ಕರು. "ಬಂದು ವರ್ಷಗಳಾಯ್ತು ಮಾರಾಯ್ತಿ. ನನ್ನ ಫೋನಿನಲ್ಲೂ ದಿನಾ ಒಮ್ಮೆ ತೆಗೆದು ನೋಡ್ತೇನೆ. ಯಾರ ಹತ್ರ ಹೇಳುವುದು?"

ಥಾಣೆಯಲ್ಲಿ ಇಳಿದವಳು ಮನೆಯ ಬಸ್ಸಿನ ಕಡೆ ಹೋಗಲಿಲ್ಲ. ಡೊಂಬಿವಲಿ ಗಾಡಿ ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. "ಥೋಡಾ ಸರ್ಕೋ" ಎಂದೆ. ಸೀಟಿನ ಮೂವರೂ ಸರಿದರು. ಅರ್ಧ ಗಾಳಿಯಲ್ಲಿ ಕೂತೆ. ಶಾರದಕ್ಕನ ಎದುರು ಕೂತು, "ಆ ವಿಳಾಸದ ಕಥೆ ಮೊದಲಿನಿಂದ ಹೇಳಿ" ಅನ್ನಬೇಕೆನಿಸಿತ್ತು.